ಗೊಗ್ಗರು ದನಿಯ ಸ್ಪೀಕರ್

ಆರ್ಡ್‌ಮೋರ್, ಒಕ್ಲಹೋಮ
೧೯ ಅಕ್ಟೋಬರ್ ೧೯೯೮

ಪ್ರೀತಿಯ ನೇಡೀನ್,

ನಿನ್ನ ಗಿಟಾರಿನ ಆಂಪ್ಲಿಫೈಯರ್ ಕೈಗೆ ಬಂದ ಕೂಡಲೇ ನೀನು ಅದರ ಹಿಂಬದಿ ಬಿಚ್ಚಿ ವಾಲ್ವುಗಳನ್ನು ಎಣಿಸುತ್ತೀಯ ಎಂದು ಗೊತ್ತು. ಅದಕ್ಕೇ ಈ ಕಾಗದವನ್ನು ಪೆಟ್ಟಿಗೆಯ ಒಳಗೇ ಅಂಟಿಸಿದ್ದೇನೆ. ಎರಡು ವಾರದಲ್ಲಿ ರಿಪೇರಿ ಮಾಡಿ ಕಳಿಸುತ್ತೇನೆ ಎಂದವಳು ಏಳು ವಾರ ಮಾಡಿದೆ. ಬೈದುಕೋ, ನಾನೇನೂ ಅಂದುಕೊಳ್ಳುವುದಿಲ್ಲ. ಇಲ್ಲಿ ಎಲ್ಲ ಕ್ಷೇಮ. ಹಾರ್ಲನ್ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡಿದ್ದಾನೆ. ಊರಿಗೆಲ್ಲ ಹಲ್ಲು ತೋರಿಸಿ ನಗುತ್ತಾನೆ, ಮನೆಗೆ ಬಂದು ಜೋಳದ ತೆನೆ ತಿನ್ನುವಾಗ ಮಾತ್ರ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ನೋಡಲು ಸಿಗುವ ಭಾಗ್ಯ ಇದು.

ನೀನು ಪೆಟ್ಟಿಗೆ ಕಳಿಸಿದ ರಟ್ಟಿನ ಡಬ್ಬಿಯನ್ನು ತೆರೆದು, ನೋಡಿ, ಮತ್ತೆ ಮುಚ್ಚಿಬಿಟ್ಟೆ. ಹಳೆಯ ಸ್ಪೀಕರಿನ ಸುರುಳಿ ಸುಟ್ಟದ್ದು ಗೊತ್ತೇ ಇತ್ತು. ಆದರೆ ದಾರಿಯ ಕುಲುಕಾಟಕ್ಕೆ ಅದರ ದನಿ ಹೊಮ್ಮಿಸುವ ಕಾಗದದ ಶಂಕು ಕೂಡ ಪುಡಿಪುಡಿಯಾಗಿ ಡಬ್ಬಿಯ ತಳ ಸೇರಿತ್ತು. ಉಳಿದದ್ದು ಕಬ್ಬಿಣದ ಬಳೆ, ಅದರ ಮೇಲಿನ ಅಂಕಿಗಳು, ಅಷ್ಟೇ. ಫೋನಿನಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಇತ್ತು: “ನವೆಂಬರ್ ಏಳನೇ ತಾರೀಕು ಶನಿವಾರ ನಂದು ಕೊನೇ ಡಾನ್ಸು ಅಕ್ಕ. ಮೂವತ್ತೇಳು ವರ್ಷ ಫ್ರೆಸ್ನೋ ಜನ ಆ ಗೊಗ್ಗರು ದನಿಗೆ ಕುಣಿದವ್ರೆ. ಬೇರೆ ದನೀಲಿ ನುಡಿಸಿ ಮುಗಿಸೋದಾದ್ರೆ ನಾ ಮನೇಲೇ ಕೂತು ಬಟಾಣಿ ಬಿಡಿಸ್ತೀನಿ.” ನೀನು ಬಟಾಣಿ ಬಿಡಿಸುವವಳಲ್ಲ ಎಂದು ನನಗೆ ಗೊತ್ತು, ಆದರೂ ಹೆದರಿದೆ.

ಮೊದಲು ಡಲ್ಲಾಸಿನ ಒಂದು ಅಂಗಡಿಗೆ ಹೋದೆ. ಅಲ್ಲಿಯವನು ಮಗುವಿನಷ್ಟು ಭಾರದ ಹೊಸ ಸ್ಪೀಕರನ್ನು ಮೇಜಿನ ಮೇಲಿಟ್ಟು, “ಎಪ್ಪತ್ತೈದು ವ್ಯಾಟ್ ತಡಕೊಳ್ಳುತ್ತೆ ಅಮ್ಮಾವ್ರೆ, ನಿಮ್ಮ ಆಯುಸ್ಸಿಗೆ ಸಾಕು” ಎಂದ. “ನನ್ನ ತಂಗಿ ಪೆಟ್ಟಿಗೆ ಕೊಡೋದೇ ಹದಿನೈದು ವ್ಯಾಟ್ ಕಣಪ್ಪ. ಇದನ್ನ ಅಲುಗಿಸೋಕೂ ಆಗಲ್ಲ ಅದಕ್ಕೆ. ನನ್ನ ಆಯುಸ್ಸಿನ ಲೆಕ್ಕ ನಿಂಗ್ಯಾಕೆ” ಎಂದು ಬಂದೆ. ಇನ್ನೊಬ್ಬನ ಬಳಿ ಹಳೆಯದೊಂದು ಸಿಕ್ಕಿತು, ಮೀಟರ್ ಹಿಡಿದರೆ ಅದು ನಾಲ್ಕು ಓಮಿನದು. ಅಪ್ಪ ತನ್ನ ರೇಡಿಯೋ ಅಂಗಡಿಯಲ್ಲಿ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ್ದು ನೆನಪಿದೆಯಲ್ಲ, ಪೆಟ್ಟಿಗೆ ಎಂಟು ಕೇಳಿದರೆ ಎಂಟೇ ಕೊಡಬೇಕು. ಅದನ್ನೂ ಬಿಟ್ಟೆ.

ಕೊನೆಗೆ ಸುದ್ದಿ ಬಂದದ್ದು ಡೇವಿಸ್ ಊರಿನ ಚರ್ಚಿನಿಂದ. ಹಳೆಯ ಆರ್ಗನ್ನಿನ ಸ್ಪೀಕರ್ ಪೆಟ್ಟಿಗೆಯನ್ನು ಹಿತ್ತಲಿನ ಕೊಟ್ಟಿಗೆಗೆ ಹಾಕಿದ್ದಾರಂತೆ. ಆ ಕಾಲದ ಆರ್ಗನ್ನಿಗೂ ಗಿಟಾರಿಗೂ ಒಂದೇ ಕಾರ್ಖಾನೆಯ ಸ್ಪೀಕರ್ ಹೋಗುತ್ತಿದ್ದುದರಿಂದ ಪೆಕಾನ್ ಬೀಜದ ಸಿಹಿ ಪೈ ಒಂದನ್ನು ಮಡಿಲಲ್ಲಿಟ್ಟುಕೊಂಡು ಓಡಿದೆ. ಪಾದ್ರಿಯ ಹೆಂಡತಿ ಯೂಲಾ ಫೆನ್ ಪೈ ಇಸಿದುಕೊಂಡು ಹೇಳಿದಳು: “ಧಾರಾಳವಾಗಿ ತಗೊಂಡ್ಹೋಗಿ, ಇವತ್ತು ಬೇಡ ಅಷ್ಟೆ. ಪೆಟ್ಟಿಗೆ ಒಳಗೆ ಕೋಳಿ ಕಾವು ಕೂತದೆ. ಇನ್ನೂ ಒಂಬತ್ತು ದಿನ ಬೇಕು.”

“ಕೋಳೀನ ಪಕ್ಕಕ್ಕೆ ಕೂರಿಸಿದ್ರಾಯ್ತಲ್ಲ” ಎಂದೆ.

“ನಿಮ್ಮನ್ನ ಹೆರಿಗೆ ಮಧ್ಯೆ ಎಬ್ಬಿಸಿ ಪಕ್ಕಕ್ಕೆ ಕೂರಿಸಿದ್ರೆ ನೀವು ಸುಮ್ಮನಿರ್ತಿದ್ರಾ?”

ಒಂಬತ್ತು ದಿನ ಕಾದೆ. ಹನ್ನೊಂದು ಮರಿಗಳು ಹೊರಬಂದವು, ಅವುಗಳ ಹಿಂದೆ ನಿನ್ನ ಸ್ಪೀಕರ್ ಬಂತು. ಮುಖ ಕೆಳಗೆ ಮಾಡಿ ಕೂತಿದ್ದರಿಂದ ಅದಕ್ಕೆ ಕಲೆಯೂ ಆಗಿರಲಿಲ್ಲ. ಬಳೆಯ ಮೇಲಿನ ಅಂಕಿ ಒರೆಸಿ ಕನ್ನಡಕ ಹಾಕಿಕೊಂಡು ಓದಿದೆ. ಅದೇ ಕಾರ್ಖಾನೆ, ಅದೇ ಐವತ್ತೆಂಟನೇ ಇಸವಿ, ಅದೇ ಮೂವತ್ತೆರಡನೇ ವಾರ, ಎಂಟು ಓಮ್. ನಿನ್ನ ಹಳೆಯದರ ಅವಳಿ ಅದು. ಆ ಹಿತ್ತಲಿನಲ್ಲೇ ಎರಡು ಹೆಜ್ಜೆ ಕುಣಿದೆ, ಯೂಲಾ ನೋಡಿಬಿಟ್ಟಳು.

ಅಂಕಿ ಕೂಡಿದರೆ ದನಿಯೂ ಕೂಡಿತು ಎಂದು ನಂಬುವುದು ನಮ್ಮ ರಿಪೇರಿಯವರ ಜಾತಿರೋಗ. ಬೆಸುಗೆ ಹಾಕಿ, ಫೋನನ್ನು ಕುರ್ಚಿಯ ಮೇಲಿಟ್ಟು, ನನಗೆ ಬರುವ ಮೂರು ಸ್ವರಮೇಳಗಳನ್ನು ನುಡಿಸಿದೆ. ನೀನು ನೆರೆಮನೆಯವಳ ಸಪ್ಪೆ ಸಾರನ್ನು ಹೊಗಳುವ ದನಿಯಲ್ಲಿ “ಚೆನ್ನಾಗಿದೆ ಅಕ್ಕ” ಎಂದೆ. ನಾನು ಬಿಡಲಿಲ್ಲ. ಆಗ ನೀನು ಬಾಯಿ ಬಿಟ್ಟೆ: “ತುಂಬಾ ಮರ್ಯಾದಸ್ಥನ ಥರ ಮಾತಾಡ್ತಾ ಇದೆ ಇದು. ಟೈ ಕಟ್ಕೊಂಡಿದೆ. ನಂದು ಒರಟು ಕಣೇ, ಕಾಗದಾನ ಇಲಿ ಕಡಿದ ಜಾಗದಿಂದ್ಲೇ ಅದಕ್ಕೆ ಗಂಟಲು ಬಂದಿದ್ದು. ಆ ಇಲಿ ಎಲ್ಲಿ, ಎಷ್ಟು ಕಡಿದಿತ್ತು ಅಂತ ನಂಗೂ ನೆನಪಿಲ್ಲ. ಹಳೇದು ನೋಡಿದ್ರೆ ಪುಡಿಯಾಗಿ ಕೂತಿದೆ. ಬಿಡು, ಆ ಇಲೀನೇ ಹುಡುಕಿ ಕೇಳಬೇಕು.” ನಕ್ಕೆ ನೀನು, ಆದರೆ ನಗುವಿನ ಕೊನೆಯಲ್ಲಿ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು.

ಮರುದಿನ ಬೆಳಗ್ಗೆ ಆ ಅವಳಿಯನ್ನು ಮತ್ತೆ ಬಿಚ್ಚಿ ಮೇಜಿನ ಮೇಲೆ ಅಂಗಾತ ಮಲಗಿಸಿದೆ. ನಲವತ್ತು ವರ್ಷ ಗಾಯವಿಲ್ಲದೆ ಬದುಕಿದ ಕಾಗದ. ಎಡಗಡೆ, ಅಂಚಿನಿಂದ ಹೆಬ್ಬೆರಳಿನಷ್ಟು ಒಳಗೆ, ಎರಡು ಬೆರಳುದ್ದ, ಸ್ವಲ್ಪ ಓರೆಯಾಗಿ ಹರಿದೆ. ಮತ್ತೆ ಕೂರಿಸಿ, ಅದೇ ಮೂರು ಸ್ವರಮೇಳ ನುಡಿಸಿದೆ. ಹಿತ್ತಲಿನಲ್ಲಿ ಬೆಂಡೆಕಾಯಿ ಕೊಯ್ಯುತ್ತಿದ್ದ ಹಾರ್ಲನ್ ಬುಟ್ಟಿ ಹಿಡಿದುಕೊಂಡೇ ಒಳಗೆ ಬಂದ. ಹಲ್ಲು ಜೇಬಿನಲ್ಲಿತ್ತು. ಅತ್ತ ಇತ್ತ ನೋಡಿ, “ನೇಡೀನ್ ಯಾವಾಗ ಬಂದ್ಲು?” ಎಂದ.

ನಾನು ಅಳುತ್ತ ಕೂತೆ. ಅವನು ಬೆಂಡೆಕಾಯಿ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು ಕಾಫಿ ಕಾಯಿಸಲು ಹೋದ.

ಇಷ್ಟೇ ನನ್ನ ಕಥೆ. ಆ ಶನಿವಾರ ನಿನ್ನ ಬೆರಳು ಸೆಟೆಯದಿರಲಿ, ನಿನ್ನ ಡ್ರಮ್ಮಿನವನು ಹೊತ್ತಿಗೆ ಸರಿಯಾಗಿ ಬರಲಿ, ಕುಣಿಯುವವರ ಮಂಡಿಗಳನ್ನು ದೇವರು ಕಾಯಲಿ. ಒಂದು ಹಾಡನ್ನು ಅಪ್ಪನ ಹೆಸರಿನಲ್ಲಿ ನುಡಿಸು. ನೂರು ವರ್ಷ ಚೆನ್ನಾಗಿ ಬಾಳು, ನನ್ನ ಪುಟ್ಟಿ.

ನಿನ್ನ ಅಕ್ಕ,
ಓಪಲ್

ಮರೆತ ಮಾತು: ಇಲಿಯಲ್ಲ ನೇಡೀನ್, ನಾನು. ಅರವತ್ತೊಂದರಲ್ಲಿ ಫ್ರೆಸ್ನೋ ತಂಡದವರು ನಿನ್ನನ್ನು ಕರೆದಾಗ, ನೀನು ಹೊರಡುವ ಹಿಂದಿನ ದಿನ, ನೀನು ಸ್ನಾನಕ್ಕೆ ಹೋಗಿದ್ದಾಗ ಅಮ್ಮನ ಕಾಲುಚೀಲ ಹೊಲಿಯುವ ದಪ್ಪ ಸೂಜಿಯಿಂದ ನಾನೇ ಆ ಕಾಗದ ಹರಿದೆ. ಪೆಟ್ಟಿಗೆ ಕೆಟ್ಟರೆ ನೀನು ನಿಲ್ಲುತ್ತೀಯ ಎಂದುಕೊಂಡಿದ್ದೆ, ನೀನಿಲ್ಲದ ಆ ಮನೆಯಲ್ಲಿ ಹೇಗಿರುವುದೋ ನನಗೆ ತಿಳಿಯುತ್ತಿರಲಿಲ್ಲ. ನೀನು ಬಂದು ನುಡಿಸಿದೆ, ಬೆಚ್ಚಿದೆ, ಮತ್ತೊಮ್ಮೆ ನುಡಿಸಿ, “ಅಕ್ಕ, ಇಲಿ ಕಡಿದು ಎಂಥಾ ಉಪಕಾರ ಮಾಡಿದೆ ನೋಡು” ಎಂದು ನನ್ನನ್ನೇ ತಬ್ಬಿಕೊಂಡೆ. ಮರುದಿನ ಬಸ್ಸು ಹತ್ತಿದೆ. ಈ ಸಲವೂ ಅದೇ ಸೂಜಿ, ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಸ್ಪೀಕರ್ ಮೂರೇ ವಾರಕ್ಕೆ ಸಿದ್ಧವಾಗಿತ್ತು. ಮಿಕ್ಕ ನಾಲ್ಕು ವಾರ ಹಿಡಿದದ್ದು ಈ ಕೆಲವು ಸಾಲು ಬರೆಯಲು.