ಹಗ್ಗ ಕೊಡದೆ ಮಾರಿದ ಸ್ಕೂಟರ್

ಗಾಲ್ವೇ, ಐರ್ಲೆಂಡ್
೮ ಸೆಪ್ಟೆಂಬರ್ ೨೦೨೪

ಪಾಂಡಿ ಮಾಮನಿಗೆ ಮಣಿಮೇಗಲೈ ಬರೆಯುವುದು,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಎಲೆತೋಟ ಹಸಿರಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಅತ್ತೆಯ ಮಂಡಿನೋವು ಹೇಗಿದೆ ಎನ್ನುವುದನ್ನು ಮಾತ್ರ ಬರೆಯಿರಿ.

ಫೋನು ಬಿಟ್ಟು ಕಾಗದ ಹಿಡಿದಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನನ್ನ ಸ್ಕೂಟರನ್ನು ಮಾರಬೇಕು. ಗಾಡಿ ನನ್ನ ಹೆಸರಿನಲ್ಲಿರುವುದರಿಂದ ನನ್ನ ಸಹಿ ಬೇಕು, ಸಹಿ ಹಾಕಿದ ಕಾಗದಗಳನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಅದೇ ಲಕೋಟೆಯಲ್ಲಿ ಇದೂ ಹೋಗಲಿ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನಾನು ಏನು ಹೇಳಿದರೂ ನೀವು “ಹ್ಞೂ” ಅನ್ನುತ್ತೀರಿ. ಆ ಹ್ಞೂ ಕೇಳಿಸಿಕೊಳ್ಳುವುದಕ್ಕಿಂತ ಬರೆಯುವುದೇ ಮೇಲು. ಎಂದಿನ ಹಾಗೆ ತಮಿಳು ಅಕ್ಷರದಲ್ಲಿ ನಮ್ಮ ಮನೆಮಾತು ಕನ್ನಡವನ್ನೇ ಬರೆದಿದ್ದೇನೆ. ಜಗಳಕ್ಕೆ ನನಗೆ ಈ ಮಾತೇ ಸಲೀಸು.

ಗಿರಾಕಿಯನ್ನು ನೀವು ಹುಡುಕಬೇಕಾಗಿಲ್ಲ. ಇಲ್ಲಿಂದಲೇ ಫೋನಿನಲ್ಲಿ ಜಾಹೀರಾತು ಹಾಕಿದೆ. ಬತ್ತಲಗುಂಡಿನ ತೇನ್‌ಮೊಳಿ ಎಂಬ ಹುಡುಗಿ ಕೇಳಿದ್ದಾಳೆ. ನನ್ನ ಹಾಗೆಯೇ ನರ್ಸ್, ಹೊಸದಾಗಿ ಆಸ್ಪತ್ರೆ ಸೇರಿದ್ದಾಳೆ. ಬೆಲೆ ಮಾತಾಡಿ ಮುಗಿಸಿದ್ದೇನೆ. ಅವಳ ಅಪ್ಪನ ಜೊತೆ ನಮ್ಮೂರು ಮಾರ್ಕಯನ್‌ಕೋಟ್ಟೈಗೆ ಬರುತ್ತಾಳೆ. ನೀವು ಗಾಡಿ ತೋರಿಸಿ, ಕಾಗದ ಕೊಟ್ಟು, ಕೀ ಅವಳ ಕೈಗಿಟ್ಟರೆ ಮುಗಿಯಿತು. ನಡುವೆ ಅತ್ತೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಇದು ನಿಮ್ಮಿಂದಾಗದ ಕೆಲಸ ಎಂದು ಗೊತ್ತು, ಆದರೂ ಹೇಳಿಟ್ಟಿದ್ದೇನೆ.

ಗಾಡಿಯ ಕೊರತೆಯನ್ನು ಮುಚ್ಚಿಡಬೇಡಿ. ಎಡಗಡೆಯ ಗೀರು ಚಿನ್ನಮನೂರು ಸಂತೆಯಲ್ಲಿ ಎತ್ತಿನ ಕೊಂಬು ತಾಗಿ ಆದದ್ದು. ಬ್ರೇಕು ಸ್ವಲ್ಪ ಗಟ್ಟಿ. ಇಷ್ಟು ಕಾಲ ಟಾರ್ಪಾಲಿನಡಿಯಲ್ಲಿ ನಿಂತಿರುವುದರಿಂದ ಬ್ಯಾಟರಿ ಸತ್ತಿರುತ್ತದೆ, ಹೊಸದು ಹಾಕಿಸಿ. ಒಂದು ಕೀ ಅಡಿಗೆಮನೆಯ ಮೊಳೆಯಲ್ಲಿದೆ. ಇನ್ನೊಂದು ಕಳೆದುಹೋಗಿದೆ, ಹುಡುಕುವ ಗೋಜಿಗೆ ಹೋಗಬೇಡಿ.

ಈಗ ನಿಜವಾದ ವಿಷಯ. ನನ್ನ ಕೆಲಸ ಇಲ್ಲಿ ಖಾಯಂ ಆಯಿತು. ಬರುವಾಗ ಎರಡು ವರ್ಷ ಎಂದಿದ್ದೆ, ಈಗ ಬೇಕಾದಷ್ಟು ಕಾಲ ಇರಬಹುದು. ನೀವು ಆಗ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಧುರೈ ವಿಮಾನ ನಿಲ್ದಾಣಕ್ಕೆ ಬರಲೂ ಇಲ್ಲ. ತೋಟದಲ್ಲಿ ನೀರು ಬಿಡಬೇಕು ಎಂದಿರಿ. ಅತ್ತೆಯ ಮಗನೆಂದು ಹುಟ್ಟಿದಾಗಿನಿಂದ ನಿಮ್ಮನ್ನು ಮಾಮ ಎಂದು ಕರೆದವಳು ನಾನು, ನನಗಿಂತ ಆ ಎಲೆಬಳ್ಳಿಯ ನೀರು ನಿಮಗೆ ಹೆಚ್ಚಾಯಿತು. ಇದನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ.

ಸ್ಕೂಟರ್ ಹೋದ ಮೇಲೆ ಆ ಮನೆಯಲ್ಲಿ ನನ್ನದು ಎನ್ನುವುದು ಏನೂ ಉಳಿಯುವುದಿಲ್ಲ. ಆಮೇಲೆ ಬೇರೆಯಾಗುವ ಆ ಇನ್ನೊಂದು ಕಾಗದವನ್ನೂ ಬರೆಸಿ ಇಬ್ಬರೂ ಸಹಿ ಹಾಕಿಬಿಡೋಣ. ಗಂಡ ಹೆಂಡತಿ ಎಂದು ಹೇಳಿಕೊಂಡು ಕರೆಂಟ್ ಬಿಲ್ಲಿನ ಮಾತಷ್ಟೇ ಆಡುವುದು ನನಗೆ ಸಾಕಾಗಿದೆ. ಮನಸ್ಸಿನಲ್ಲಿ ಏನಿದ್ದರೂ ಈ ಸಲ ಬರೆಯಿರಿ. ಹ್ಞೂ ಎಂದು ಬರೆದು ಕಳಿಸಬೇಡಿ.

ಇಂತಿ,
ಮಣಿಮೇಗಲೈ

ಮರೆತಿದ್ದೆ: ಸೀಟಿನಡಿಯ ಡಿಕ್ಕಿಯಲ್ಲಿ ನನ್ನ ಹಳೇ ಮಳೆಕೋಟು ಇದೆ. ಅದನ್ನು ಆ ಹುಡುಗಿಗೇ ಕೊಟ್ಟುಬಿಡಿ. ಇಲ್ಲಿನ ಮಳೆಗೆ ಅದು ಯಾವ ಮೂಲೆಗೂ ಸಾಲದು.

* * *

ಮಾರ್ಕಯನ್‌ಕೋಟ್ಟೈ
೬ ಅಕ್ಟೋಬರ್ ೨೦೨೪

ಮಣಿಗೆ ಪಾಂಡಿ ಬರೆದದ್ದು,

ನಿನ್ನ ಕಾಗದ ಬಂತು. ಅಮ್ಮನ ಮಂಡಿ ಹಾಗೇ ಇದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ನೀನು ಕಾಗದದಲ್ಲಿ ಬೈದಿದ್ದೀಯ, ಆದ್ದರಿಂದ ನಾನೂ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ. ಕೊರಿಯರ್‌ನವನು ಐರ್ಲೆಂಡ್ ಎಂದು ನೋಡಿ ನನ್ನನ್ನು ಮೇಲಿಂದ ಕೆಳಗೆ ನೋಡುವುದು ಖಂಡಿತ, ನೋಡಲಿ.

ಸ್ಕೂಟರ್ ಮಾರಿ ಆಯಿತು. ಬೆಲೆ ನೀನು ಹೇಳಿದ್ದೇ. ಆದರೆ ನೀನು ಹೇಳಿದ ಹಾಗೆ ಮಾರಾಟ ನಡೆಯಲಿಲ್ಲ. ಅದನ್ನು ವಿವರವಾಗಿ ಬರೆಯುತ್ತೇನೆ, ಸಮಾಧಾನದಿಂದ ಓದು.

ಹೋದ ಭಾನುವಾರ ಬೆಳಿಗ್ಗೆ ತೇನ್‌ಮೊಳಿ ಅಪ್ಪನ ಜೊತೆ ಬಂದಳು. ಅಪ್ಪನ ಹೆಸರು ಪಿಚ್ಚೈ. ಮಲ್ಲಿಗೆ ಬೆಳೆದು ನಿಲಕ್ಕೋಟ್ಟೈ ಮಾರ್ಕೆಟ್ಟಿಗೆ ಹಾಕುವವರು, ಮಾತು ಕಡಿಮೆ, ಕಣ್ಣು ಚುರುಕು. ಗಾಡಿಯ ಸುತ್ತ ಎತ್ತಿನ ಸುಳಿ ನೋಡುವವರಂತೆ ಒಂದು ಸುತ್ತು ಬಂದರು. ಹುಡುಗಿ ಬಟನ್ ಒತ್ತಿದಳು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡು ವರ್ಷ ನಿಂತ ಗಾಡಿ ಎಂದು ಮಗಳಿಗೆ ಹೇಳಿದ್ದಾರಲ್ಲ, ಚಕ್ರದಲ್ಲಿ ಹಸಿ ಮಣ್ಣು ಹೇಗೆ ಬಂತು ಎಂದು ಪಿಚ್ಚೈ ಕೇಳಿದರು. ನಾನು ಆಕಾಶ ನೋಡಿದೆ. ಟಾರ್ಪಾಲು ನೀನು ಹೋದ ವಾರವೇ ಹರಿಯಿತು, ಮಣಿ. ದಿನಾ ಬೆಳಿಗ್ಗೆ ತೋಟಕ್ಕೆ ಅದರಲ್ಲೇ ಹೋಗಿ ಬರುತ್ತಿದ್ದೆ. ಎಲೆ ಕಟ್ಟುಗಳಿಗೆ ನನ್ನ ಮೊಪೆಡ್ ಇದೆ. ನಿನ್ನ ಗಾಡಿಯಲ್ಲಿ ನಾನೊಬ್ಬನೇ ಹೋಗುತ್ತಿದ್ದೆ.

ಕಾಗದ ಕೊಟ್ಟೆ. ಅಮ್ಮ ಗಾಡಿಯ ದೀಪದ ಮೇಲೆ ಅರಿಶಿನ ಕುಂಕುಮ ಇಟ್ಟಳು, ಮೂಡಣಕ್ಕೆ ಮುಖ ಮಾಡಿ ನಿಲ್ಲಿಸು ಎಂದಳು, ನಿಲ್ಲಿಸಿದೆ. ಇಷ್ಟು ಹೊತ್ತೂ ಸರಿಯಾಗಿತ್ತು. ನಾನು ಕೀಯನ್ನು ಹುಡುಗಿಯ ಕೈಗೆ ಕೊಡಲು ಹೋದೆ ನೋಡು, ಅಮ್ಮ ನಡುವೆ ಕೈ ಹಾಕಿ ಕಿತ್ತುಕೊಂಡಳು.

“ಏಂಡಾ ಪಾಂಡಿ, ಹಸ ಮಾರ್ದವ ಹಗ್ಗನೂ ಕೂಡ ಕೊಟ್ಟು ಕಳಿಸ್ತಾನಾ? ಯಾವೂರು ಪಳಕ್ಕ ಇದು, ಯಾವ ಪದ್ಧತಿ?” ಎಂದಳು.

ಇದು ಹಸುವಲ್ಲ ಗಾಡಿ, ಕೀ ಇಲ್ಲದೆ ಓಡುವುದಿಲ್ಲ ಎಂದು ಹೇಳಿ ನೋಡಿದೆ. “ನಮ್ಮ ಹಟ್ಟಿಯಿಂದ ಏನು ಹೋದ್ರೂ ಹಗ್ಗ ಹೋಗಕ್ಕಿಲ್ಲ. ನಿಮ್ಮ ತಾತನ ಕಾಲದಿಂದ ಹೋಗಿಲ್ಲ” ಎಂದಳು. ಕೊಂಡವನು ತನ್ನ ಹಗ್ಗ ತಂದು ಹಸು ಕಟ್ಟಿಕೊಂಡು ಹೋಗಬೇಕು, ಹಳೇ ಹಗ್ಗ ನಮ್ಮ ಗೂಟದಲ್ಲೇ ಉಳಿಯಬೇಕು, ಹಗ್ಗವೂ ಹೋದರೆ ಹಟ್ಟಿಯ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಇದನ್ನು ಸ್ಕೂಟರಿಗೂ ಹಿಡಿಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು.

ತೇನ್‌ಮೊಳಿಗೆ ಅಳು ಬರುವುದೊಂದು ಬಾಕಿ. ಮಧ್ಯಾಹ್ನದ ಡ್ಯೂಟಿಗೆ ಹೋಗಬೇಕು, ಗಾಡಿಯನ್ನು ಬತ್ತಲಗುಂಡಿನವರೆಗೆ ತಳ್ಳಿಕೊಂಡು ಹೋಗಲೇ ಎಂದು ತಮಿಳಿನಲ್ಲಿ ಕೇಳಿದಳು. ನನಗೆ ಮುಖ ಎತ್ತಲಾಗಲಿಲ್ಲ. ಆಗ ಪಿಚ್ಚೈ ಮಾತಾಡಿದರು. “ಅಮ್ಮಾ ಸೊಲ್ರದು ಸರಿದಾನ್” ಎಂದರು. ಅಮ್ಮ ಹೇಳುವುದೇ ಸರಿ, ಹಗ್ಗ ನಾವು ತರಬೇಕಿತ್ತು, ತಾರದೆ ಬಂದದ್ದು ನಮ್ಮ ತಪ್ಪು ಎಂದು ಮಗಳಿಗೆ ಸಮಾಧಾನ ಹೇಳಿದರು. ಅಮ್ಮನ ಮುಖ ನೀನು ನೋಡಬೇಕಿತ್ತು. ಇಷ್ಟು ವರ್ಷಕ್ಕೆ ಒಬ್ಬ ಬುದ್ಧಿವಂತ ಸಿಕ್ಕಿದ ಎಂದು ನನ್ನ ಕಡೆ ತಿರುಗಿ ಹೇಳಿದಳು.

ಪಿಚ್ಚೈಗೆ ದಿಂಡಿಗಲ್ಲಿನಲ್ಲಿ ಬೀಗ ಮಾಡುವ ನೆಂಟರೊಬ್ಬರಿದ್ದಾರೆ. ಫೋನು ಮಾಡಿ ಕರೆಸಿದರು. ಅವರು ಬಸ್ಸು ಹಿಡಿದು ಬರುವಷ್ಟರಲ್ಲಿ ಊಟದ ಹೊತ್ತಾಯಿತು. ಹುಡುಗಿ ಆಸ್ಪತ್ರೆಗೆ ರಜೆ ಹೇಳಿದಳು, ಅಮ್ಮ ಎಲ್ಲರಿಗೂ ಅನ್ನ ಬಡಿಸಿದಳು. ಬಡಿಸುತ್ತ ನಿನ್ನ ಪುರಾಣ ತೆಗೆದಳು. ನನ್ನ ಸೊಸೆ ಈ ಗಾಡಿ ಹತ್ತಿ ಮಳೆಯಲ್ಲಿ ತೇನಿ ಆಸ್ಪತ್ರೆಗೆ ಹೋಗಿ ಡ್ಯೂಟಿ ಮಾಡಿದವಳು, ಈಗ ಬಿಳಿಯರ ಮುದುಕರು ಅವಳು ಹೇಳಿದ ಮಾತ್ರೆಯನ್ನೇ ನುಂಗುತ್ತಾರೆ, ನೀನೂ ಹಾಗೇ ಆಗಬೇಕು ಎಂದಳು. ನಿನ್ನ ಎದುರಿಗೆ ಒಂದು ದಿನವೂ ಹೀಗೆ ಹೇಳಿದವಳಲ್ಲ. ಅಕ್ಕ ಯಾವಾಗ ಬರುತ್ತಾರೆ ಎಂದು ಹುಡುಗಿ ನನ್ನನ್ನು ಕೇಳಿದಳು. ನಾನು ಸಾರು ಕಲಸುತ್ತ ಕೂತೆ. “ಹಗ್ಗ ಇಲ್ಲೇ ಅದೆಯಲ್ಲ, ಬರ್ತಾಳೆ” ಎಂದು ಅಮ್ಮನೇ ಹೇಳಿದಳು.

ಬೀಗದವರು ಬಂದು ಹಳೇ ಲಾಕ್ ಬಿಚ್ಚಿ ಹೊಸದು ಕೂರಿಸಿ ಹೊಸ ಕೀ ಕೊಟ್ಟರು. ಹುಡುಗಿ ನಿನ್ನ ಮಳೆಕೋಟನ್ನೂ ತೆಗೆದುಕೊಂಡು ಗಾಡಿ ಹತ್ತಿ ಹೊರಟಳು. ಚೆನ್ನಾಗಿ ಓಡಿಸುತ್ತಾಳೆ, ನಿನ್ನ ಹಾಗೆ ತಿರುವಿನಲ್ಲಿ ಹಾರನ್ ಹೊಡೆಯುತ್ತಾಳೆ. ಹಳೇ ಲಾಕು, ಕೀ ಎರಡನ್ನೂ ಅಮ್ಮ ಕೊಟ್ಟಿಗೆಯ ಗೋಡೆಯಲ್ಲಿ, ಮಾರಿದ ಹಸುಗಳ ಹಗ್ಗ ತೂಗುಹಾಕುವ ಗೂಟಕ್ಕೇ ಸಿಕ್ಕಿಸಿದ್ದಾಳೆ. ಆದ್ದರಿಂದ ಈ ಮನೆಯಲ್ಲಿ ನಿನ್ನದು ಏನೂ ಉಳಿಯಲಿಲ್ಲ ಎಂದು ನೀನು ಬರೆದದ್ದು ಸುಳ್ಳಾಯಿತು.

ಇನ್ನು ಆ ಇನ್ನೊಂದು ಕಾಗದ. ಮನಸ್ಸಿನಲ್ಲಿರುವುದನ್ನು ಬರೆ ಎಂದೆಯಲ್ಲ, ಬರೆಯುತ್ತೇನೆ. ನಾನು ಸಹಿ ಹಾಕುವುದಿಲ್ಲ. ನೀನು ಅಲ್ಲಿ ಕೆಲಸ ಮಾಡು, ಅದು ನೀನು ಓದಿ ಗಳಿಸಿದ್ದು, ಬಿಟ್ಟು ಬಾ ಎಂದು ಹೇಳುವ ಮೂರ್ಖ ನಾನಲ್ಲ. ಆದರೆ ನೀನಿಲ್ಲದೆ ಈ ಮನೆ ನನಗೆ ಹಿಡಿಸುವುದಿಲ್ಲ. ನಿನ್ನನ್ನು ಹಸುವಿಗೆ ಹೋಲಿಸಿದೆ ಎಂದು ಬೈಯಬೇಡ, ಅಮ್ಮ ಹೋಲಿಸಿದ್ದು ಸ್ಕೂಟರನ್ನು.

ಇಂತಿ ನಿನ್ನ,
ಪಾಂಡಿ

ಅಮ್ಮ ಎದುರಿಗೇ ಕೂತು ಹೇಳಿ ಬರೆಸುತ್ತಿರುವುದು, ಬರೆಯದೆ ವಿಧಿಯಿಲ್ಲ: “ಮಣಿ, ನೀ ಹೊರಟ ದಿನ ಇವ ತೋಟಕ್ಕೆ ನೀರು ಬಿಡಲಿಲ್ಲ. ನಿನ್ನ ಗಾಡಿ ಏರಿ ಕಾರಿನ ಹಿಂದೇ ಬಂದ. ಆಂಡಿಪಟ್ಟಿ ತಾವ ಪೆಟ್ರೋಲು ತೀರೋಯ್ತು. ಬಿಸಿಲಲ್ಲಿ ತಳ್ಳಿಕೊಂಡು ಬಂಕು ಹುಡುಕಿದ. ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದ. ಆಣೆ ನಾ ಬಾಯಲ್ಲಿ ಹೇಳಲ್ಲ ಅಂತ ಹಾಕಿದ್ದು, ಬರೆಸಲ್ಲ ಅಂತ ಅಲ್ಲ.”

* * *

ಗಾಲ್ವೇ
೨೭ ಅಕ್ಟೋಬರ್ ೨೦೨೪

ನನ್ನ ಪಾಂಡಿ ಮಾಮನಿಗೆ,

ಕಾಗದ ಓದಿ ನಕ್ಕೆ, ಆಮೇಲೆ ಅತ್ತುಬಿಟ್ಟೆ. ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರು ಏನಾಯಿತು ಎಂದು ಕೇಳಿದರು. ಅತ್ತೆ ನನ್ನ ಸ್ಕೂಟರಿನ ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡ ಕಥೆ ಹೇಳಿದೆ. ಅವರ ಅಪ್ಪನೂ ಹಸು ಸಾಕಿದವರಂತೆ. ನಿನ್ನ ಅತ್ತೆ ಗಟ್ಟಿ ಹೆಂಗಸು ಎಂದರು. ಅದನ್ನು ಅತ್ತೆಗೆ ಹೇಳಬೇಡಿ, ಈಗಿರುವ ಜೋರೇ ಸಾಕು.

ತೇನ್‌ಮೊಳಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಹೊಸ ಲಾಕು ಹಳೆಯದಕ್ಕಿಂತ ಸಲೀಸಂತೆ. ದಿನಾ ಗಾಡಿಯಲ್ಲೇ ಡ್ಯೂಟಿಗೆ ಹೋಗುತ್ತಾಳಂತೆ. ಒಳ್ಳೆಯ ಕೈ ಸೇರಿತು, ನನಗೆ ಸಂತೋಷ.

ಮಾಮ, ಆಂಡಿಪಟ್ಟಿ ದಾಟಿದ ಕೂಡಲೇ ನಾವು ಕಾರು ನಿಲ್ಲಿಸಿ ಟೀ ಕುಡಿದೆವು. ಅಪ್ಪ ಹೊರಡೋಣ ಎಂದರೂ ನಾನು ಇನ್ನೊಂದು ಲೋಟ ತರಿಸಿದೆ, ಬೇಕಾಗಿರಲಿಲ್ಲ, ಸುಮ್ಮನೆ ಹಿಂದಿನ ರಸ್ತೆ ನೋಡುತ್ತ ಕೂತಿದ್ದೆ. ಹೊರಡುವ ಮೊದಲು ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲು ಹಾಕುವ ಬುದ್ಧಿ ನಿಮಗೆ ಯಾಕೆ ಬರಲಿಲ್ಲ? ಇಷ್ಟು ದಿನದ ಸಿಟ್ಟು ಒಂದು ಲೀಟರಿನಲ್ಲಿ ತೀರುತ್ತಿತ್ತು.

ಆ ಇನ್ನೊಂದು ಕಾಗದವನ್ನು ನಾನು ಕಳಿಸುವುದಿಲ್ಲ. ನೀವೇನಾದರೂ ಕಳಿಸಿದರೆ ಹರಿದು ಅದೇ ಲಕೋಟೆಯಲ್ಲಿ ವಾಪಸ್ ಕಳಿಸುತ್ತೇನೆ. ಕೆಲಸ ಬಿಡುವುದಿಲ್ಲ, ಅದನ್ನು ನೀವೇ ಒಪ್ಪಿದ್ದೀರಿ, ಕಾಗದದಲ್ಲಿದೆ. ದನಗಳ ಹಬ್ಬ ಮಾಟ್ಟುಪ್ಪೊಂಗಲ್ ಹೊತ್ತಿಗೆ ರಜೆ ಸಿಕ್ಕಿದೆ, ಬರುತ್ತೇನೆ. ಹಸುಗಳಿಗೆಲ್ಲ ಹೊಸ ಹಗ್ಗ ಹಾಕುವ ದಿನ ನಾನೂ ಕೊಟ್ಟಿಗೆಯಲ್ಲಿರಬೇಕು. ಅಷ್ಟರಲ್ಲಿ ನೀವು ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ತೋಟ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ. ಬೇಸಿಗೆಯಲ್ಲಿ ಇಲ್ಲಿಗೆ ಬಂದು ಒಂದು ತಿಂಗಳು ನನ್ನ ಜೊತೆ ಇರಬೇಕು. ಎಲೆಬಳ್ಳಿ ಸಾಯುವುದಿಲ್ಲ. ಇದಕ್ಕೆ ಮಾತ್ರ ನೀವು ಹ್ಞೂ ಅನ್ನಬಹುದು.

ಮಧುರೈಗೆ ಕರೆಯಲು ಬನ್ನಿ. ಬಾಡಿಗೆ ಕಾರಿನಲ್ಲಿ ಬನ್ನಿ, ನಿಮ್ಮ ಪೆಟ್ರೋಲು ನಂಬುವುದಿಲ್ಲ.

ನಿಮ್ಮ,
ಮಣಿ

ಇದನ್ನು ಅತ್ತೆಗೆ ಓದಿ ಹೇಳಿ: ಇನ್ನೊಂದು ಕೀ ಕಳೆದುಹೋಗಿದೆ ಎಂದು ಬರೆದಿದ್ದೆನಲ್ಲ, ಕಳೆದಿಲ್ಲ. ಹೊರಟ ದಿನ ನಾನೇ ಮೊಳೆಯಿಂದ ತೆಗೆದುಕೊಂಡು ಬಂದೆ, ಇವತ್ತಿಗೂ ನನ್ನ ಕೈಚೀಲದಲ್ಲೇ ಇದೆ. ನಾನೂ ಪೇಚ್ಚಿಯಮ್ಮಾಳ್ ಅತ್ತೆಯ ತಮ್ಮನ ಮಗಳೇ ಅಲ್ಲವೇ, ಹಗ್ಗ ಬಿಟ್ಟು ಬರುತ್ತೇನೆಯೇ?