ಕಡಲ ಮೇಲಿನ ಚುಕ್ಕೆಗಳು

ಕಚೇರಿಯಿಂದ,
ಗುರುವಾರ, ೧೪ನೇ ತಾರೀಕು, ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ನಿನ್ನ ಅಡುಗೆ ಉಂಡು ಹಡಗಿನವರೆಲ್ಲ ಇನ್ನೂ ಬದುಕಿದ್ದಾರೆ ತಾನೇ? ಅಮ್ಮ ಚೆನ್ನಾಗಿದ್ದಾಳೆ. ನೀನು ಫೋನ್ ಮಾಡದಿದ್ದರೆ ನನ್ನ ಮೇಲೆ ರೇಗುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಲೋಕದ ಮೂಲೆಮೂಲೆಯಿಂದ ಜನ ಹುಳಹುಪ್ಪಟೆಗಳ ಫೋಟೋ, ಜೊತೆಗೆ ಆ ಜಾಗದ ಅಕ್ಷಾಂಶ ರೇಖಾಂಶ ಕಳಿಸುತ್ತಾರೆ. ಕಂಪ್ಯೂಟರಿನ ಭೂಪಟದಲ್ಲಿ ಒಂದೊಂದು ಚುಕ್ಕೆ ಬೀಳುತ್ತದೆ. ನಾನು ನೋಡಿ ಉಳಿಸಬೇಕು, ಇಲ್ಲವೇ ಅಳಿಸಬೇಕು. "ನಮ್ಮಕ್ಕಂಗೆ ನೊಣ ಎಣಿಸೋ ನೌಕರಿ" ಎಂದು ಊರಿಗೆಲ್ಲ ಸಾರಿದವನು ನೀನೇ. ಚುಕ್ಕೆ ಕಡಲಿನ ಮೇಲೆ ಬಿದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಯಾರೋ ಅಂಕಿ ಅದಲುಬದಲು ಮಾಡಿದ್ದಾರೆಂದು ಅಳಿಸಿಬಿಡುತ್ತೇವೆ.

ಮೂರು ವಾರದಲ್ಲಿ ಹಾಗೆ ಐದು ಕಡಜದ ಚುಕ್ಕೆ ಅಳಿಸಿದ್ದೆ. ಇವತ್ತು ಆರನೆಯದು ಬಂತು. ಏನನ್ನಿಸಿತೋ, ಅಳಿಸಿದ್ದನ್ನೆಲ್ಲ ಮತ್ತೆ ತೆರೆದೆ. ಒಂದರ ಮುಂದೊಂದು, ಸಾಲಾಗಿ ನಿಂತವು. ನೀನು ಕೊಟ್ಟುಹೋದ ಹಡಗಿನ ದಾರಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ತಾರೀಕಿಗೆ ತಾರೀಕು ಸರಿಹೋಯಿತು. ಕಳಿಸಿದವರು ನಿಮ್ಮ ಹಡಗಿನವರೇ ಯಾರೋ. ಅಂದರೆ ಆ ಕಡಜಗಳು ನಿಮ್ಮ ಹಡಗಿನಲ್ಲೇ ಎಲ್ಲೋ ಗೂಡು ಕಟ್ಟಿವೆ.

ತುಂಬಾ ಭಯವಾಗುತ್ತಿದೆ ಕಣೋ. ಏಳು ವರ್ಷದವನಿದ್ದಾಗ ಒಂದೇ ಒಂದು ಕಡಜ ಕಚ್ಚಿ ನಿನ್ನ ಗಂಟಲು ಊದಿತ್ತು, ತುಟಿ ನೀಲಿಯಾಗಿತ್ತು. "ಇನ್ನೊಂದ್ಸಲ ಕಚ್ಚಿದ್ರೆ ನನ್ ಕೈಲೂ ಆಗಲ್ಲಮ್ಮ" ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. ಈ ಜಾತಿ ಅದಕ್ಕಿಂತ ದೊಡ್ಡದು. ಮೊದಲ ಚುಕ್ಕೆಯ ದಿನವೇ ಕಣ್ಣುಬಿಟ್ಟು ನೋಡಿದ್ದರೆ ಗೂಡು ನಿಂಬೆಹಣ್ಣಿನಷ್ಟಿರುವಾಗಲೇ ತೆಗೆಸಬಹುದಿತ್ತು. ತಪ್ಪು ನನ್ನದೇ. ನಿಮ್ಮ ಹಡಗಿನ ಕಚೇರಿಗೆ ಫೋನ್ ಮಾಡಿದರೆ ಕಾಯಿರಿ ಎಂದು ಹಾಡು ಹಾಕುತ್ತಾರೆ. ಅದಕ್ಕೇ ಇದನ್ನು ಕ್ಯಾಪ್ಟನ್ನರ ಈಮೇಲಿಗೆ ಕಳಿಸುತ್ತಿದ್ದೇನೆ. ಓದಿದವರು ತಕ್ಷಣ ನಿನಗೆ ಕೊಡಲಿ.

ಅಮ್ಮನಿಗೆ ಹೇಳಿಲ್ಲ. ನೂರು ಕಾಲ ಬಾಳು, ನನ್ನಪ್ಪಾ.

ನಿನ್ನ ಅಕ್ಕ

ಇನ್ನೊಂದು ಮಾತು: ಆರನೆಯ ಫೋಟೋವನ್ನು ಈಗ ದೊಡ್ಡದು ಮಾಡಿ ನೋಡಿದೆ. ಕೆಳಗೆ ಕಾಣುವುದು ನಿನ್ನ ಒಲೆ. ಮೇಲೆ ಎಕ್ಸಾಸ್ಟ್ ಫ್ಯಾನಿನ ಜಾಲರಿ, ಅದರ ಹಿಂದೆ ಬೂದುಬಣ್ಣದ ಗೂಡು, ಕೊಡದಷ್ಟಿದೆ. ತಿಂಗಳಿಂದ ಕೆಟ್ಟಿರುವ ಫ್ಯಾನನ್ನು ಗುರುವಾರ ನಾನೇ ಬಿಚ್ಚಿ ರಿಪೇರಿ ಮಾಡುತ್ತೇನೆ ಎಂದು ಬರೆದಿದ್ದೆಯಲ್ಲ. ಇವತ್ತೇ ಗುರುವಾರ ಕಣೋ. ಆ ಜಾಲರಿ ಮುಟ್ಟಬೇಡ.