ಮೊದಲು ನೋಡಿದ ಹೊತ್ತು

ಜೂನ್ 3
ಡ್ಯೂಟಿ ಮುಗಿಸಿ ಈಗ ಬಂದೆ. ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ. ಇವತ್ತೂ ಮೀಟಿಂಗಿನಲ್ಲಿ ನಮ್ಮ ವಾರ್ಡಿನ ಆ ಚಿಕ್ಕ ನರ್ಸಿನದೇ ಗುಣಗಾನ. ಎರಡು ವರ್ಷದ ಸರ್ವೀಸು ಅಷ್ಟೇ. ಮಾಡಿದ ತಪ್ಪು, ಆಗಬಹುದಿದ್ದ ತಪ್ಪು, ಎಲ್ಲಾ ಫಾರಮ್ಮಿನಲ್ಲಿ ಬರೆದು ಡಬ್ಬಿಗೆ ಹಾಕ್ತಾಳೆ. ವಾರ್ಡಿನಲ್ಲಿ ಅವಳಿಗೆ 'ಚೀಟಿ' ಅಂತಲೇ ಹೆಸರು. "ಮುಚ್ಚಿಡದೆ ಹೇಳೋಕೆ ಧೈರ್ಯ ಬೇಕು, ಇವಳನ್ನ ನೋಡಿ ಕಲೀರಿ" ಅಂತಾರೆ ಮೇಟ್ರನ್. ಕಲೀಬೇಕಂತೆ, ನಾನು.
ನನ್ನದು ಹತ್ತೊಂಬತ್ತು ವರ್ಷದ ಸರ್ವೀಸು. ಒಂದೂ ಫಾರಂ ಬರೆದಿಲ್ಲ. ತಪ್ಪೇ ಆಗಿಲ್ಲ, ಬರೆಯೋದೇನು... ಆಗಿದೆ. ಮೂರು. ಯಾರಿಗೂ ಗೊತ್ತಿಲ್ಲ.

ಜೂನ್ 4
"ಹೋಗ್ಲಿ ಬಿಡೇ, ಚಿಕ್ಕ ಹುಡುಗಿ. ಎಷ್ಟು ಹೊಟ್ಟೆಕಿಚ್ಚು ನಿಂಗೆ" ಅಂದರು ನಮ್ಮೆಜಮಾನರು. ಹೌದು, ಹೊಟ್ಟೆಕಿಚ್ಚೇ. ಏನೀಗ? ಸೇಫ್ಟಿ ನರ್ಸ್ ಅಂತ ಹೊಸ ಪೋಸ್ಟ್ ಬರ್ತಿದೆ. ನನಗೇ ಅಂದುಕೊಂಡಿದ್ದೆ. ಅವಳ ಹೆಸರು ಓಡ್ತಾ ಇದೆ.

ಜೂನ್ 7
ಆದದ್ದನ್ನ ಆದಹಾಗೇ ಬರೀತೀನಿ, ಇಲ್ಲಾದ್ರೂ.
ಆರನೇ ಬೆಡ್ಡಿನ ಅಜ್ಜಿಗೆ ಊಟಕ್ಕೆ ಮುಂಚಿನ ಇನ್ಸುಲಿನ್. ಚಾರ್ಟಿನಲ್ಲಿ ಆರು ಯೂನಿಟ್. ಇಬ್ಬರು ನೋಡಿಯೇ ಕೊಡಬೇಕು ಅಂತ ರೂಲು. ಚೀಟಿ ಟ್ರಾಲಿ ಹತ್ತಿರ ಸಿರಿಂಜ್ ಎತ್ತಿ ಹಿಡಿದಳು. ಎರಡು ಬೆಡ್ಡಿನಿಂದ ಕೂಗ್ತಾ ಇದ್ರು, ಗಡಿಬಿಡಿ. "ಅಕ್ಕಾ, ಆರು ಯೂನಿಟ್. ನೋಡಿ."
ನೋಡಿದೆ. ಹದಿನಾರಿತ್ತು.
ತಲೆ ಆಡಿಸಿದೆ.
ಇದಕ್ಕೂ ಒಂದು ಫಾರಂ ಬರಿ, ನೋಡೋಣ — ಅಂತ ಮನಸ್ಸಿಗೆ ಬಂತು. ಹಾಗೇ ಬಂತು.
ಅವಳ ಹಿಂದೆಯೇ ನಡೆದೆ. ಅಷ್ಟು ಇನ್ಸುಲಿನ್ನಿಗೆ ಸಕ್ಕರೆ ಇಳಿದು ಎಚ್ಚರ ತಪ್ಪಿದ್ರೆ, ಆ ವಯಸ್ಸಿಗೆ ಮುಗೀತು. ಅಜ್ಜಿ ತೋಳು ಚಾಚಿ, "ಹಸಿವು ಕಣಮ್ಮಾ, ಬೇಗ ಚುಚ್ಚು" ಅಂತ ನಗ್ತಾ ಇದ್ರು. ಸೂಜಿ ಇನ್ನೇನು ತಾಗಬೇಕು, ಚೀಟಿಯ ಕೈ ಹಿಡಕೊಂಡೆ.
ಅವಳು ಸಿರಿಂಜ್ ಮತ್ತೆ ನೋಡಿ ಬಿಳಿಚಿಕೊಂಡಳು. ಆಮೇಲೆ ಸ್ಟೋರ್ ರೂಮಿನಲ್ಲಿ ನನ್ನನ್ನ ತಬ್ಬಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ.

ಜೂನ್ 12
ಐದು ದಿನ ಬರೆಯೋಕೆ ಕೂತು ಕೂತು ಎದ್ದೆ.
ಇವತ್ತು ಮೀಟಿಂಗಿನಲ್ಲಿ ಅವಳೇ ಎದ್ದು ಓದಿದಳು. "ತಪ್ಪು ನನ್ನದು. ಚುಚ್ಚೋ ಮೊದಲು ಅಕ್ಕ ಇನ್ನೊಂದ್ಸಲ ನೋಡಿದ್ರು, ಅಜ್ಜಿ ಉಳಿದ್ರು." ಚಪ್ಪಾಳೆ. ನನಗೆ. ಇಷ್ಟು ದಿನ ಬಾಯಿ ಬಿಟ್ಟುಕೊಂಡು ಕಾದಿದ್ದ ಚಪ್ಪಾಳೆ. ಪೋಸ್ಟೂ ನನಗೇ ಅಂತೆ.
ಟ್ರಾಲಿ ಹತ್ತಿರ ನಾನು ತಲೆ ಆಡಿಸಿದ್ದು ಹೇಳಲೇ ಇಲ್ಲ ಅವಳು. ಹೊರಗೆ ಕರೆದು ಕೇಳಿದೆ.
"ಆಗ ನೀವು ಸರಿಯಾಗಿ ನೋಡಿರಲ್ಲ ಅಕ್ಕಾ. ನಾನೇ ಅವಸರ ಮಾಡಿದ್ದು. ಅದನ್ನ ಯಾಕೆ ಬರೀಲಿ? ಇನ್ಮೇಲೆ ನೀವು ನೋಡಿದ್ರೇನೇ ನಾನು ಚುಚ್ಚೋದು."
ಎಲ್ಲಾ ಬರೆಯೋಳು ನನಗೋಸ್ಕರ ಒಂದು ಸಾಲು ಬಿಟ್ಟಿದ್ದಾಳೆ. ಅದರಲ್ಲೂ ನನಗಿಂತ ಮೇಲಾದಳು. ಮೈಯೆಲ್ಲ ಉರೀತು.

ಜೂನ್ 13
ನನ್ನ ಭಾಗ ನಾನು ತುಂಬಬೇಕಂತೆ. ಫಾರಂ ಮನೆಗೆ ತಂದಿದ್ದೀನಿ. ನನ್ನ ಮೊದಲನೇದು. ನಾಲ್ಕನೇ ಕಾಲಂ: ತಪ್ಪನ್ನು ಮೊದಲು ಗಮನಿಸಿದ ಸಮಯ. ಇಲ್ಲಿ ಬರೆದು ನೋಡ್ತೀನಿ, ಆಮೇಲೆ ಅಲ್ಲಿ.
ಹನ್ನೆರಡು ಹತ್ತು. ಟ್ರಾಲಿ ಹತ್ತಿರ. ಹದಿನಾರು ಅಂತ ಸರಿಯಾಗೇ ಕಂಡಿತ್ತು. ಕಂಡೂ ನಾನು —